ಪಟ್ಟಿ ಎತ್ತುವ ಮೊದಲು ಪಾವತಿ ಪುಸ್ತಕ: ಸಣ್ಣ ಸೇವಾ ಸಂಸ್ಥೆಗಳಿಗೊಂದು ದೇಣಿಗೆ ಕೈಪಿಡಿ

ಹುಬ್ಬಳ್ಳಿಯ ಯಾವುದೇ ಓಣಿಯಲ್ಲಿ ಗಣಪತಿ ಪಟ್ಟಿ, ಅಂದರೆ ವಂತಿಗೆ, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಅದೇ ಹುಡುಗರು ಅದೇ ಅಂಗಡಿಗಳಿಗೆ ಸಂಜೆ ಶಾಲೆಯ ಹೆಸರು ಹೇಳಿಕೊಂಡು ಹೋದರೆ "ಮಾಲಕರು ಇಲ್ಲರಿ, ಆಮ್ಯಾಲ ಬರ್ರಿ" ಎಂಬ ಉತ್ತರ. ಗಣಪತಿಗೆ ಕೊಟ್ಟ 500 ರೂಪಾಯಿ ನಾಲ್ಕು ದಿನದಲ್ಲಿ ಪೆಂಡಾಲಾಗಿ, ದೀಪದ ಸರವಾಗಿ ಅಂಗಡಿಯೆದುರೇ ನಿಲ್ಲುತ್ತದೆ. ಮಠದ ದಾಸೋಹಕ್ಕೆ ಕೊಟ್ಟ ಜೋಳ ಪಂಕ್ತಿಯಲ್ಲಿ ರೊಟ್ಟಿಯಾಗಿ ಕಾಣುತ್ತದೆ. ಸಂಜೆ ಶಾಲೆಗೆ ಕೊಟ್ಟದ್ದು ಏನಾಯಿತೆಂದು ಮಾತ್ರ ಯಾರೂ ಬಂದು ಹೇಳಿರುವುದಿಲ್ಲ. ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಸಂಸ್ಥೆಗಳಿಗೆ ಹಣ ಹುಟ್ಟದಿರುವುದಕ್ಕೆ ಇದೇ ದೊಡ್ಡ ಕಾರಣ. ಹಾಗಾಗಿ ಈ ಬರಹದಲ್ಲಿ ಕೇಳುವ ಚಾತುರ್ಯಕ್ಕಿಂತ ಲೆಕ್ಕ ಒಪ್ಪಿಸುವ ಕ್ರಮಕ್ಕೇ ಹೆಚ್ಚು ಜಾಗ.

ಮೊದಲು ಕಾಗದಪತ್ರ

ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯ ದಸ್ತಾವೇಜು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಮಾಣಪತ್ರ, ಜೊತೆಗೆ ಪ್ರತಿ ವರ್ಷದ ಸರ್ವಸಾಧಾರಣ ಸಭೆಯ ನಂತರ ನೋಂದಣಾಧಿಕಾರಿಗೆ ಸಲ್ಲಿಸುವ ಆಡಳಿತ ಮಂಡಳಿಯ ಯಾದಿ ಮತ್ತು ಲೆಕ್ಕಪತ್ರ. ಈ ವಾರ್ಷಿಕ ಸಲ್ಲಿಕೆಯನ್ನು ಮೂರ್ನಾಲ್ಕು ವರ್ಷ ಬಿಟ್ಟುಬಿಟ್ಟ ಸಂಘಗಳೇ ಹೆಚ್ಚು. ಕಂಪನಿಯವರು ದಾಖಲೆ ಕೇಳಿದ ದಿನ ಅದು ಹೊರಬೀಳುತ್ತದೆ. ಆಮೇಲೆ ಸಂಸ್ಥೆಯ ಹೆಸರಿನ ಪ್ಯಾನ್, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ, ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲಿನ ನೋಂದಣಿ, ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ). ಹೊಸ ಸಂಸ್ಥೆಗೆ ಸಾಮಾನ್ಯವಾಗಿ ಮೊದಲು ಸಿಗುವುದು 3 ವರ್ಷದ ತಾತ್ಕಾಲಿಕ ನೋಂದಣಿ. ಅದು ಮುಗಿಯುವ 6 ತಿಂಗಳ ಮೊದಲೇ ನಿಯಮಿತ ನೋಂದಣಿಗೆ ಅರ್ಜಿ ಹೋಗಿರಬೇಕು. ಕೆಲಸ ಆಗಲೇ ಶುರುವಾಗಿದ್ದರೆ, ಶುರುವಾದ 6 ತಿಂಗಳೊಳಗೆ.

ಇಲ್ಲಿ ಬಳಸಿರುವುದು ಎಲ್ಲರ ಬಾಯಲ್ಲಿರುವ 1961ರ ಕಾಯ್ದೆಯ ಕಲಂ ಮತ್ತು ಫಾರ್ಮ್ ಸಂಖ್ಯೆಗಳು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಅಲ್ಲಿಂದಾಚೆಗೆ ಸಂಖ್ಯೆಗಳು ಬೇರೆ. ಹೊಸ ಪಾವತಿ (ರಸೀದಿ) ಪುಸ್ತಕ ಅಚ್ಚಿಗೆ ಕೊಡುವ ಮುನ್ನ ನಿಮ್ಮ ಆಡಿಟರ್ ಒಮ್ಮೆ ಕರಡು ನೋಡಲಿ. ಸಾವಿರ ಪಾವತಿ ಅಚ್ಚಾದ ಮೇಲೆ ರಬ್ಬರ್ ಸ್ಟಾಂಪ್ ಹೊಡೆದು ತಿದ್ದುವುದು ನೋಡಲು ಚೆನ್ನಾಗಿರುವುದಿಲ್ಲ.

80ಜಿ ಯಾರಿಗೆ ಲಾಭ, ಯಾರಿಗಿಲ್ಲ

"ನಮ್ಮಲ್ಲಿ 80ಜಿ ಐತ್ರಿ" ಎಂದು ಮಾತು ಶುರು ಮಾಡುವುದು ಹಳೆಯ ರೂಢಿ. ಈಗ ಅದರ ಬೆಲೆ ಕುಗ್ಗಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಜಿ ರಿಯಾಯಿತಿ ಇಲ್ಲ, ಮತ್ತು ಧಾರವಾಡದ ಸಂಬಳದಾರರಲ್ಲಿ ಬಹಳ ಮಂದಿ ಈಗ ಆ ಪದ್ಧತಿಯಲ್ಲೇ ಇದ್ದಾರೆ. ಶೇ. 22ರ ದರ ಆರಿಸಿಕೊಂಡ ಕಂಪನಿಗೂ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ರೈತರಿಗೆ ಈ ಮಾತೇ ಬೇಡ.

ಉಳಿಯುವವರು ಹಳೆಯ ಪದ್ಧತಿಯಲ್ಲಿರುವ ವ್ಯಕ್ತಿಗಳು ಮತ್ತು, ಮುಖ್ಯವಾಗಿ, ಪಾಲುದಾರಿಕೆ ಸಂಸ್ಥೆಗಳು. ಎಪಿಎಂಸಿಯ ದಲಾಲಿ ಅಂಗಡಿ, ಹೋಲ್‌ಸೇಲ್ ಬಟ್ಟೆ ಅಂಗಡಿ, ಜಿನ್ನಿಂಗ್ ಮಿಲ್ಲುಗಳಲ್ಲಿ ಎಷ್ಟೋ ಪಾಲುದಾರಿಕೆಯವು. ಅವರಿಗೆ ಲೆಕ್ಕ ಹೀಗೆ ಬಿಡಿಸಿ ಹೇಳಬಹುದು: 10,000 ರೂಪಾಯಿ ಕೊಟ್ಟರೆ ಅರ್ಧ, ಅಂದರೆ 5,000 ಆದಾಯದಿಂದ ಕಳೆಯುತ್ತದೆ. ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಸೇರಿ 31.2. ಉಳಿತಾಯ 1,560 ರೂಪಾಯಿ. "ಅರ್ಧ ರೊಕ್ಕ ವಾಪಸ್ ಬರತೈತ್ರಿ" ಎಂದು ಹೇಳಿ ದೇಣಿಗೆ ತಂದವರು ಮರುವರ್ಷ ಆ ಅಂಗಡಿಯ ಮೆಟ್ಟಿಲು ಹತ್ತಲಾರರು. ಅಂಗಡಿಯ ಅಕೌಂಟೆಂಟ್ ಜುಲೈನಲ್ಲಿ ನಿಜ ಹೇಳಿರುತ್ತಾನೆ.

2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ, ವಸ್ತು ರೂಪದ ದಾನಕ್ಕೆ, ಸಹಾಯಾರ್ಥ ನಾಟಕದ ಟಿಕೆಟ್ಟಿಗೆ 80ಜಿ ಇಲ್ಲ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದನ್ನು ಒಬ್ಬರಿಂದ ಪಡೆಯುವಂತೆಯೇ ಇಲ್ಲ.

ಪಾವತಿ, ಪೆಟ್ಟಿಗೆ, ಕ್ಯೂಆರ್

ಪಾವತಿಯಲ್ಲಿ ಇರಬೇಕಾದ್ದು: ಅಚ್ಚಾದ ಕ್ರಮಸಂಖ್ಯೆ, ತಾರೀಖು, ದಾನಿಯ ಪೂರ್ಣ ಹೆಸರು, ವಿಳಾಸ, ಮೊಬೈಲ್, ಪ್ಯಾನ್ ಅಥವಾ ಆಧಾರ್, ಅಂಕಿ ಮತ್ತು ಅಕ್ಷರದಲ್ಲಿ ಮೊತ್ತ, ನಗದೋ ಚೆಕ್ಕೋ ಯುಪಿಐಯೋ ಎಂಬುದು, ಯಾವ ಉದ್ದೇಶಕ್ಕೆ, ಸಂಸ್ಥೆಯ ಪ್ಯಾನ್, 80ಜಿ ನೋಂದಣಿ ಸಂಖ್ಯೆ. ಒಂದು ಪುಸ್ತಕದಲ್ಲಿ 50 ಪಾವತಿ, ಕಾರ್ಬನ್ ಪ್ರತಿಯೊಂದಿಗೆ. ಯಾವ ಪುಸ್ತಕ ಯಾರ ಕೈಗೆ ಹೋಯಿತು, ಎಂದು ಮರಳಿತು ಎಂಬುದಕ್ಕೆ ಬೇರೆ ರಿಜಿಸ್ಟರ್, ಸಹಿ ಸಮೇತ. ಕೆಟ್ಟ ಪಾವತಿಯನ್ನು ಹರಿದು ಎಸೆಯಬಾರದು, ಎರಡೂ ಹಾಳೆಯ ಮೇಲೆ "ರದ್ದು" ಎಂದು ಬರೆದು ಪುಸ್ತಕದಲ್ಲೇ ಪಿನ್ ಮಾಡಬೇಕು. ನಡುವೆ ಒಂದು ನಂಬರ್ ಕಾಣೆಯಾದರೆ ಆಡಿಟರ್‌ಗಿಂತ ಮೊದಲು ಊರಿನವರೇ ಕೇಳುತ್ತಾರೆ.

ಸಂಗ್ರಹವಾದ ನಗದು ಮರು ಕೆಲಸದ ದಿನ ಬ್ಯಾಂಕಿಗೆ ಹೋಗಬೇಕು, ಪೂರ್ತಿಯಾಗಿ. ದಾರಿಯಲ್ಲಿ ಪೆಟ್ರೋಲ್, ಚಹಾ, ಝೆರಾಕ್ಸ್ ಎಂದು ಅದರಲ್ಲೇ ತೆಗೆದು ಉಳಿದದ್ದನ್ನು ಕಟ್ಟುವುದು ನಮ್ಮ ಕಡೆ ಅತಿ ಸಾಮಾನ್ಯ ತಪ್ಪು. ಪಾವತಿ ಪುಸ್ತಕದ ಮೊತ್ತಕ್ಕೂ ಪಾಸ್‌ಬುಕ್ಕಿಗೂ ತಾಳೆ ತಪ್ಪುವುದು ಹೀಗೆ. ಚಿಲ್ಲರೆ ಖರ್ಚಿಗೆ ಬ್ಯಾಂಕಿನಿಂದಲೇ 3,000ದಿಂದ 5,000 ತೆಗೆದು ಬೇರೆ ಡಬ್ಬಿಯಲ್ಲಿ ಇಡಿ, ಖರ್ಚಾದಷ್ಟನ್ನು ವೋಚರ್ ಕೊಟ್ಟು ತುಂಬಿಸಿ.

ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ಸಲ್ಲಿಸಬೇಕು. ಅದರಿಂದಲೇ ದಾನಿಗೆ ಕೊಡಬೇಕಾದ 10ಬಿಇ ಪ್ರಮಾಣಪತ್ರ ಹೊರಡುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಅದರ ಮೇಲೆ ದಂಡದ ಅವಕಾಶವೂ ಇದೆ. ಬರಿ ನಿಮ್ಮ ಪಾವತಿ ತೋರಿಸಿ ದಾನಿ ರಿಯಾಯಿತಿ ಪಡೆಯುವ ಕಾಲ ಹೋಯಿತು. ತೊಡಕಾಗುವುದು ಎರಡು ಕಡೆ. ಹಣ ಪಡೆದಾಗ ಪ್ಯಾನ್ ಕೇಳಿರುವುದಿಲ್ಲ, ಮೇ ಕೊನೆಯ ವಾರ ನೂರು ಮಂದಿಗೆ ಫೋನ್ ಮಾಡುತ್ತ ಕೂರಬೇಕಾಗುತ್ತದೆ. ಇಲ್ಲವೇ ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿರುತ್ತದೆ, ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ. ಏಪ್ರಿಲ್ ಮೊದಲ ವಾರವೇ ಯಾದಿ ಶುದ್ಧ ಮಾಡಿಕೊಂಡರೆ ಎರಡೂ ತಪ್ಪುತ್ತವೆ.

ಅಂಗಡಿಗಳಲ್ಲಿ ಇಡುವ ಕಾಣಿಕೆ ಪೆಟ್ಟಿಗೆಯ ಹಣ ಅನಾಮಧೇಯ ದೇಣಿಗೆ. ಧರ್ಮಾರ್ಥ ಸಂಸ್ಥೆಯಾದರೆ, ಅದು ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇ. 30 ತೆರಿಗೆ. ಒಟ್ಟು ದೇಣಿಗೆ 12 ಲಕ್ಷ, ಪೆಟ್ಟಿಗೆಯಲ್ಲಿ 1.8 ಲಕ್ಷ ಎಂದಿಟ್ಟುಕೊಳ್ಳಿ. ಶೇ. 5 ಎಂದರೆ 60,000, ಆದ್ದರಿಂದ ಮಿತಿ 1 ಲಕ್ಷ. ಮೇಲಿನ 80,000ಕ್ಕೆ 24,000 ತೆರಿಗೆ, ಸೆಸ್ ಬೇರೆ. ಪೆಟ್ಟಿಗೆಗೆ ಎರಡು ಬೀಗ, ಬೀಗದ ಕೈ ಇಬ್ಬರ ಬಳಿ, ಎಣಿಕೆ ಮೂವರ ಎದುರು, ಎಣಿಕೆ ಚೀಟಿಗೆ ಮೂವರ ಸಹಿ, ಅಂಗಡಿ ಮಾಲಕರದೂ ಸೇರಿ.

ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಇರಬೇಕು. ಕಾರ್ಯದರ್ಶಿಯ ಸ್ವಂತ ನಂಬರಿಗೆ ಹಣ ಹಾಕಿಸಿಕೊಂಡು "ಆಮೇಲೆ ಸಂಸ್ಥೆಗೆ ಕಟ್ತೀವ್ರಿ" ಎಂದರೆ ಪ್ರಾಮಾಣಿಕರೂ ಅನುಮಾನಕ್ಕೆ ಬೀಳುತ್ತಾರೆ. ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಸಂಸ್ಥೆಯ ಹೆಸರು ಬರುತ್ತದೆಯೇ ಎಂದು ನೀವೇ ಒಂದು ರೂಪಾಯಿ ಹಾಕಿ ನೋಡಿ. ಯುಪಿಐನಲ್ಲಿ ಬಂದ ಹಣ ಯಾರದ್ದೆಂದು ಅಂದೇ ಗುರುತಿಸಿ ಪಾವತಿ ಕಳಿಸಿ, ವಾರ ಬಿಟ್ಟರೆ ಸ್ಟೇಟ್‌ಮೆಂಟಿನ ಅರ್ಧಮರ್ಧ ಹೆಸರಿನಿಂದ ಯಾರೂ ಪತ್ತೆಯಾಗುವುದಿಲ್ಲ. ಹೊರಗೆ ಅಂಟಿಸಿದ ಕೋಡಿನ ಮೇಲೆ ಬೇರೆ ಯಾರಾದರೂ ತಮ್ಮದನ್ನು ಅಂಟಿಸಿದ್ದಾರೆಯೇ ಎಂದು ವಾರಕ್ಕೊಮ್ಮೆ ನೋಡಬೇಕು.

ಎಷ್ಟು ಬೇಕು, ಯಾರಿಂದ

"ಕೈಲಾದಷ್ಟು ಕೊಡ್ರಿ" ಎಂದರೆ ಕೈಗೆ ಸಿಕ್ಕ ನೋಟು ಬರುತ್ತದೆ. ವರ್ಷಕ್ಕೆ 6 ಲಕ್ಷ ಬೇಕೆಂದರೆ ಮೊದಲು ಕಾಗದದ ಮೇಲೆ ಹೀಗೆ ಒಡೆದುಕೊಳ್ಳಿ: 1 ಲಕ್ಷದವರು ಒಬ್ಬರು, 50,000ದವರು ಮೂವರು, 15,000ದವರು ಎಂಟು, 5,000ದವರು ಇಪ್ಪತ್ತು, 1,500ರವರು ಅರವತ್ತು, ಉಳಿದ 40,000 ಚಿಲ್ಲರೆ ಪಟ್ಟಿ. ಮೇಲಿನ ಹನ್ನೆರಡು ಮಂದಿಯಿಂದಲೇ 3.7 ಲಕ್ಷ, ನೂರರಲ್ಲಿ ಅರವತ್ತು ಪಾಲಿಗಿಂತ ಹೆಚ್ಚು. ಆದರೆ ಬಹುತೇಕ ಸಂಸ್ಥೆಗಳು ತಮ್ಮ ಸಮಯವನ್ನೆಲ್ಲ ಆ 40,000ಕ್ಕೆ ಸುರಿಯುತ್ತವೆ, ಏಕೆಂದರೆ 100 ರೂಪಾಯಿ ಕೇಳಲು ಸಂಕೋಚವಿಲ್ಲ. ಪ್ರತಿ ಒಂದು ದೇಣಿಗೆಗೆ ಮೂರು ಹೆಸರು ಯಾದಿಯಲ್ಲಿ ಇರಲಿ, ಒಬ್ಬರು ಇಲ್ಲ ಎನ್ನುತ್ತಾರೆ, ಒಬ್ಬರು ಕಡಿಮೆ ಕೊಡುತ್ತಾರೆ. ಯಾರೊಬ್ಬರ ಪಾಲೂ ಒಟ್ಟಿನ ಕಾಲು ಭಾಗ ಮೀರದಂತೆ ನೋಡಿಕೊಳ್ಳಿ. ಮೀರಿದರೆ ಮಾಸ್ತರರ ನೇಮಕದಿಂದ ಮಧ್ಯಾಹ್ನದ ಅಡುಗೆಯವರೆಗೆ ಅವರ ಮಾತೇ ನಡೆಯುತ್ತದೆ, ಅವರ ವ್ಯಾಪಾರ ಕೆಟ್ಟ ವರ್ಷ ನಿಮ್ಮ ಬಾಗಿಲೂ ಮುಚ್ಚುತ್ತದೆ.

ರೈತರಿಂದ ಹಣಕ್ಕಿಂತ ಕಾಳು ಕೇಳುವುದು ಸರಳ. 40 ಮಕ್ಕಳ ವಸತಿ ನಿಲಯಕ್ಕೆ ತಲೆಗೆ ದಿನಕ್ಕೆ 400 ಗ್ರಾಂ ಕಾಳು ಎಂದರೂ 16 ಕೆಜಿ. ಅಂದರೆ ಒಂದು ಕ್ವಿಂಟಲ್ ಬಿಳಿಜೋಳ ಆರು ದಿನದ ಊಟ. "ಒಂದ ಚೀಲ ಕೊಡ್ರಿ" ಎನ್ನುವುದಕ್ಕಿಂತ "ಆರು ದಿನದ ರೊಟ್ಟಿ ನಿಮ್ಮದು" ಎಂಬ ಮಾತು ಬೇಗ ಮುಟ್ಟುತ್ತದೆ. ಆದರೆ ಹಿಂಗಾರಿ ಸುಗ್ಗಿಯಲ್ಲಿ ಬಂದದ್ದನ್ನೆಲ್ಲ ತುಂಬಿಕೊಂಡರೆ ಮಳೆಗಾಲಕ್ಕೆ ಹುಳು. ನಾಲ್ಕು ತಿಂಗಳಿಗೆ ಸಾಕಾಗುವಷ್ಟು, ಹತ್ತಿರ ಹತ್ತಿರ 20 ಕ್ವಿಂಟಲ್ ಮಾತ್ರ ಇಟ್ಟುಕೊಂಡು, ಉಳಿದವರ ಬಳಿ "ನಿಮ್ಮ ಹಗೇವಿನ್ಯಾಗ ಇರಲ್ರಿ, ಶ್ರಾವಣಕ್ಕ ಒಯ್ತೀವಿ" ಎಂದು ಒಪ್ಪಿಸಿ (ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ). ಕಾಳಿಗೂ ಪಾವತಿ ಕೊಡಬೇಕು, ದಾಸ್ತಾನು ಪುಸ್ತಕದಲ್ಲಿ ತೂಕ ಸಮೇತ ಜಮೆಯಾಗಬೇಕು. ಹೆಚ್ಚಾದದ್ದನ್ನು ಮಾರಿದರೆ ದಾನಿಗೆ ತಿಳಿಸಿ ಮಾರಿ.

ಕಾಲ ನೋಡಿ ಹೋಗುವುದೂ ಅರ್ಧ ಕೆಲಸ. ಜೂನ್‌ನಲ್ಲಿ ರೈತರ ಕೈ ಬೀಜ, ಗೊಬ್ಬರದಲ್ಲಿ ಸಿಕ್ಕಿರುತ್ತದೆ, ಪಟ್ಟಣದವರದ್ದು ಶಾಲೆಯ ಫೀಯಲ್ಲಿ. ಗಣೇಶ ಚೌತಿಯ ಹಿಂದುಮುಂದಿನ ಹದಿನೈದು ದಿನ ಅಂಗಡಿಗಳಿಗೆ ಪಟ್ಟಿಯ ಬೇಸರ. ಬ್ಯಾಡಗಿ ಸೀಮೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿಯ ಹಣ ಓಡಾಡುತ್ತದೆ. ಹಾಗೆಂದು ಟೆಂಡರ್ ನಡೆಯುವ ಸೋಮವಾರ, ಗುರುವಾರ ದಲಾಲಿ ಅಂಗಡಿಗೆ ಹೋದರೆ ಮುಖ ಎತ್ತಿ ನೋಡಲೂ ಯಾರಿಗೂ ಪುರುಸೊತ್ತಿಲ್ಲ. ದೀಪಾವಳಿ ಪಾಡ್ಯದ ಹೊಸ ಖಾತೆಯ ವೇಳೆ ವ್ಯಾಪಾರಿಗಳು ಧರ್ಮದ ಹೆಸರಿಗೆ ಒಂದಿಷ್ಟು ತೆಗೆದಿಡುವುದುಂಟು, ಅದಕ್ಕೆ ಹದಿನೈದು ದಿನ ಮೊದಲು ಭೇಟಿಯಾಗಿರಬೇಕು.

ಎದುರು ಕೂತು ಕೇಳುವುದು

5,000ಕ್ಕಿಂತ ಹೆಚ್ಚಿನ ಮೊತ್ತವನ್ನು ವಾಟ್ಸ್ಆಪ್‌ನಲ್ಲಿ ಕೇಳಬೇಡಿ. ಇಬ್ಬರು ಹೋಗಬೇಕು: ದಾನಿಗೆ ಪರಿಚಯ ಇರುವವರೊಬ್ಬರು, ಕೆಲಸ ಗೊತ್ತಿರುವವರೊಬ್ಬರು. ನಾಲ್ಕು ಮಂದಿ ಹೋದರೆ ಗಣಪತಿ ಪಟ್ಟಿಯಾಗುತ್ತದೆ. ಕೈಯಲ್ಲಿ ಒಂದೇ ಹಾಳೆ, ಅದರಲ್ಲಿ ಕಳೆದ ವರ್ಷದ ಜಮಾ-ಖರ್ಚು ಮತ್ತು ಈಗ ಬೇಕಾದ ಬಾಬತ್ತು. ಮಾತು ಹೀಗಿರಬಹುದು:

"ಅಣ್ಣಾರ, ಹಾಸ್ಟೆಲಿನ್ಯಾಗ ನಲವತ್ತು ಹುಡುಗ್ರು ಅದಾರ. ಮಾರ್ಚ್ ತಿಂಗಳ ಜ್ವಾಳ ಐದು ಕ್ವಿಂಟಲ್, ಹದಿನೆಂಟು ಸಾವಿರ ಆಗತೈತಿ. ಆ ಒಂದ ತಿಂಗಳು ನೀವು ಹಿಡೀಬೇಕು ಅಂತ ಕೇಳಾಕ ಬಂದೇವಿ."

ಇಷ್ಟು ಹೇಳಿ ಸುಮ್ಮನೆ ಕೂತುಕೊಳ್ಳಿ. ಆ ಮೌನ ತಾಳಲಾರದೆ "ಇಲ್ಲಾಂದ್ರ ಐದು ಸಾವಿರ ಕೊಟ್ರೂ ನಡೀತೈತ್ರಿ" ಎಂದು ತಾವೇ ಇಳಿಯುವವರೇ ಹೆಚ್ಚು. "ನೋಡೂಣ್ರಿ" ಎಂಬುದು ನಮ್ಮ ಕಡೆ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಆಗ "ಯಾವಾಗ ಬರೂಣ್ರಿ?" ಎಂದು ಕೇಳಿ, ತಾರೀಖು ಹೇಳಿದರೆ ಅಂದೇ ಹೋಗಿ. ತಾರೀಖು ಹೇಳದೆ ಮೂರು ಸಲ "ನೋಡೂಣ್ರಿ" ಆದರೆ ಆ ವರ್ಷಕ್ಕೆ ಬಿಡಿ. ಕಳಿಸಿಬಿಡಲೆಂದು 500 ಕೊಟ್ಟರೂ ಮುಖ ಸಣ್ಣ ಮಾಡದೆ ಪಾವತಿ ಹರಿದು ಕೊಡಿ.

ಸ್ವಾಮಿಗಳ ಅಥವಾ ಶಾಸಕರ ಶಿಫಾರಸು ಪತ್ರ ಬಾಗಿಲು ತೆಗೆಸುತ್ತದೆ ನಿಜ. ಆದರೆ ಆ ಹಣ ಪತ್ರಕ್ಕೆ ಬಂದದ್ದು. ಮರುವರ್ಷ ಮತ್ತೆ ಪತ್ರ ಬೇಕು, ಅಧಿಕಾರ ಬದಲಾದರೆ ಅದೂ ಇಲ್ಲ.

ಹುಟ್ಟುಹಬ್ಬದ ಊಟಕ್ಕೆ ಕೊಡುವವರು ಸಾಕಷ್ಟು ಸಿಗುತ್ತಾರೆ, ಭಾನುವಾರ ಒಂದೇ ದಿನ ಎರಡು ಕಡೆಯ ಹೋಳಿಗೆಯೂ ಬರುತ್ತದೆ. ಮಂಗಳವಾರದ ಕರೆಂಟ್ ಬಿಲ್, ಅಡುಗೆಯಾಕೆಯ ಪಗಾರ ಯಾರೂ ಕೇಳುವುದಿಲ್ಲ. ಅದಕ್ಕೆ "ಒಂದು ದಿನದ ಖರ್ಚು" ಎಂಬ ದರವನ್ನೇ ಇಡಿ: ಕಾಳು, ತರಕಾರಿ, ಗ್ಯಾಸ್, ಬಾಡಿಗೆ, ವಿದ್ಯುತ್, ಪಗಾರ ಎಲ್ಲ ಸೇರಿಸಿ ವರ್ಷದ ಮೊತ್ತವನ್ನು 365ರಿಂದ ಭಾಗಿಸಿ. ಸಿಹಿ ಬೇಕೆಂದವರು ಆ ದರದ ಮೇಲೆ ಕೊಡಲಿ. ಪಗಾರವನ್ನು ಮುಚ್ಚಿಟ್ಟು "ಎಲ್ಲ ಮಕ್ಕಳಿಗೇ ಹೋಗತೈತಿ" ಎಂದು ಹೇಳುವುದು ಬೇಡ, ಮಾಸ್ತರಿಲ್ಲದೆ ಶಾಲೆ ನಡೆಯದು ಎಂಬುದು ವ್ಯಾಪಾರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಕೊಟ್ಟ ಮೇಲೆ

ಎರಡು ದಿನದೊಳಗೆ ಫೋನ್, ಅಧ್ಯಕ್ಷರದೋ ಕಾರ್ಯದರ್ಶಿಯದೋ. ಆರು ವಾರದೊಳಗೆ ಹಣ ಏನಾಯಿತೆಂಬ ಸುದ್ದಿ: ಜೋಳ ಬಂದ ಬಿಲ್ಲು, ಒಂದು ಫೋಟೋ, ನಾಲ್ಕು ಸಾಲು. ಆರು ತಿಂಗಳಿಗೆ ಒಮ್ಮೆ ಏನೂ ಕೇಳದೆ ಭೇಟಿ. ಈ ಮೂರನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಎಲ್ಲರೂ ಬಿಡುವುದೂ ಇದನ್ನೇ. ನಿಮ್ಮನ್ನು ಕಂಡ ತಕ್ಷಣ ಗಲ್ಲೆಯ ಕಡೆ ಕೈ ಹೋಗುವ ದಾನಿಗೆ "ಇವತ್ತ ಕೇಳಾಕ ಬಂದಿಲ್ರಿ, ಲೆಕ್ಕ ತೋರ್ಸಾಕ ಬಂದೇವಿ" ಎಂದಾಗ ಆಗುವ ಬದಲಾವಣೆ ನೋಡಬೇಕು. ಆ ಭೇಟಿಯಲ್ಲೇ ಎಷ್ಟೋ ಸಲ ಇನ್ನಿಬ್ಬರ ಹೆಸರು ಸಿಗುತ್ತದೆ.

ಫೋಟೋದ ವಿಷಯದಲ್ಲಿ ಎಚ್ಚರ. ಪಾಲನೆ-ರಕ್ಷಣೆ ಬೇಕಾದ ಮಕ್ಕಳ ಗುರುತು ಬಹಿರಂಗ ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ದಾನಿಯ ಪಕ್ಕ ತಟ್ಟೆ ಹಿಡಿದ ಮಗುವಿನ ಚಿತ್ರ ಕಾನೂನಿಗೆ ಮುಂಚೆ ಮರ್ಯಾದೆಗೇ ಹೊಂದದು. ಅಡುಗೆಮನೆ, ಚೀಲಗಳು, ಬೆನ್ನು ಕಾಣುವಂತೆ ಕುಳಿತ ಪಂಕ್ತಿ ಸಾಕು. ಸನ್ಮಾನವನ್ನು ವರ್ಷಕ್ಕೆ ಒಂದೇ ದಿನಕ್ಕೆ ಮಿತಿಗೊಳಿಸಿ, ಶಾಲು, ಏಲಕ್ಕಿ ಹಾರ, ಫ್ಲೆಕ್ಸ್ ಖರ್ಚು ಸೇರಿಸಿದರೆ 2,000 ಕೊಟ್ಟವರ ಸನ್ಮಾನಕ್ಕೆ 1,200 ಹೋಗಿರುತ್ತದೆ.

ದತ್ತಿನಿಧಿ

ಧಾರವಾಡದಲ್ಲಿ ತಂದೆ-ತಾಯಿಯ ಹೆಸರಿನಲ್ಲಿ ದತ್ತಿ ಇಡುವ ಪದ್ಧತಿ ಚೆನ್ನಾಗಿ ಬೇರೂರಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳನ್ನು ಕೇಳದವರು ಇಲ್ಲಿ ಕಡಿಮೆ. ಸಣ್ಣ ಸಂಸ್ಥೆಗೂ ಇದು ಹೊಂದುತ್ತದೆ, ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಸಂತೋಷದಿಂದ ಇಡುತ್ತಾರೆ. ಕನಿಷ್ಠ ಮೊತ್ತವನ್ನು ಬಡ್ಡಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಶೇ. 6.5 ಬಡ್ಡಿಗೆ 1 ಲಕ್ಷದಿಂದ ವರ್ಷಕ್ಕೆ 6,500, ಒಬ್ಬ ವಿದ್ಯಾರ್ಥಿಗೆ ಪುಸ್ತಕ-ಫೀ ಆಗಬಹುದು. 10,000ದ ದತ್ತಿಯಿಂದ 650 ಮಾತ್ರ, ಅದರ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗೂ ಸಾಲದು. ಹಿಂದೆ ದಾಕ್ಷಿಣ್ಯಕ್ಕೆ ಇಂಥವನ್ನು ಹತ್ತಿಪ್ಪತ್ತು ಒಪ್ಪಿಕೊಂಡ ಸಂಸ್ಥೆಗಳು ಈಗ ಕೈಯಿಂದ ಹಾಕಿ ನಡೆಸುತ್ತಿವೆ. "ಇದು ಮೂಲನಿಧಿಗೆ" ಎಂದು ದಾನಿಯಿಂದ ಬರಹದಲ್ಲಿ ಪಡೆಯಬೇಕು, ಇಲ್ಲವಾದರೆ ಅದು ಆ ವರ್ಷದ ಆದಾಯವಾಗಿ, ಶೇ. 85 ಖರ್ಚು ಮಾಡಬೇಕೆಂಬ ನಿಯಮದೊಳಗೆ ಬರುತ್ತದೆ. ಬಡ್ಡಿ ಇಳಿದರೆ ಕಾರ್ಯಕ್ರಮವನ್ನು ಎರಡು ವರ್ಷಕ್ಕೊಮ್ಮೆ ಮಾಡಬಹುದು, ಬೇರೆ ದತ್ತಿಯೊಡನೆ ಸೇರಿಸಬಹುದು ಎಂಬ ಸಾಲೂ ಆ ಪತ್ರದಲ್ಲೇ ಇರಲಿ.

ಸಹಾಯಾರ್ಥ ನಾಟಕದ ಹಾದಿಯೂ ಹಳೆಯದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಶಿಷ್ಯರ ಅನ್ನಕ್ಕಾಗಿ ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು, ಪುಟ್ಟರಾಜರು ಅದನ್ನು ಮುಂದುವರಿಸಿದರು. ಅವರದು ತಮ್ಮದೇ ಕಲಾವಿದರ ಕಂಪನಿ. ಹಾಲ್, ಧ್ವನಿವರ್ಧಕ, ಕಲಾವಿದರ ಸಂಭಾವನೆ ಎಲ್ಲವನ್ನೂ ಕೊಂಡು ಮಾಡುವ ಇಂದಿನ ಪ್ರಯೋಗದಲ್ಲಿ ಖರ್ಚು ಸಂಗ್ರಹದ ಶೇ. 40 ದಾಟುವಂತಿದ್ದರೆ ಬಿಟ್ಟುಬಿಡಿ. ಖರ್ಚಿನಷ್ಟು ಪ್ರಾಯೋಜಕತ್ವ ಮೊದಲೇ ಕೈಗೆ ಬರದೆ ಟಿಕೆಟ್ ಅಚ್ಚು ಹಾಕಿಸಬಾರದು.

ಕಂಪನಿಗಳು, ಪರದೇಶದ ಮಕ್ಕಳು

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ನಿಮ್ಮ ಕಡೆಯಿಂದ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಮತ್ತು 3 ವರ್ಷದ ಕೆಲಸದ ದಾಖಲೆ ಬೇಕು. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳಲ್ಲಿ ನೀವು ಕಾಣುವ ಎಚ್‌ಆರ್ ಅಧಿಕಾರಿ ಹಣ ಮಂಜೂರು ಮಾಡುವವರಲ್ಲ, ತೀರ್ಮಾನ ಹೆಚ್ಚಾಗಿ ಮುಖ್ಯ ಕಚೇರಿಯದು. ಆದರೂ ಅವರು ಒಂದು ಸಲ ನಿಮ್ಮ ಶಾಲೆ ನೋಡಿ ಹೋಗಿರಬೇಕು, ಮೇಲಿನವರು ಕೇಳುವುದು ಅವರನ್ನೇ. ಹಣ ಕಂತಿನಲ್ಲಿ ಬರುತ್ತದೆ, ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಎರಡನೆಯದು ಬರದು. ಆ ನಡುವಿನ ಎರಡು-ಮೂರು ತಿಂಗಳ ಪಗಾರಕ್ಕೆ ನಿಮ್ಮ ಬಳಿ ಬೇರೆ ಹಣ ಇಲ್ಲವೆಂದರೆ ಸಿಎಸ್‌ಆರ್ ಯೋಜನೆಗೆ ಕೈ ಹಾಕಬೇಡಿ.

ಅಮೆರಿಕದಲ್ಲಿರುವ ಮಗ ಭಾರತದ ಪಾಸ್‌ಪೋರ್ಟ್ ಇರುವವನಾಗಿ, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರನಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆ ಬೇಕು. ಹಣ ಪಡೆಯುವ ಮೊದಲೇ ಪಾಸ್‌ಪೋರ್ಟ್ ಪ್ರತಿ ತರಿಸಿಕೊಳ್ಳಿ. ನಮ್ಮೂರ ಹುಡುಗ ಎಂಬುದು ಕಾನೂನಿನ ಮುಂದೆ ನಿಲ್ಲದು.

ಎಲ್ಲ ದಾನಿಗಳ ವಿವರ ಒಂದೇ ಕಡೆ ಇರಲಿ, ದೊಡ್ಡ ನೋಟ್‌ಬುಕ್ ಆದರೂ ಸರಿ: ಹೆಸರು, ಊರು, ಪ್ಯಾನ್, ಯಾರ ಪರಿಚಯ, ಪ್ರತಿ ವರ್ಷದ ಮೊತ್ತ, ಕೊನೆಯ ಭೇಟಿ, ಅಂದು ಆಡಿದ ಮಾತು. ಎರಡು ವರ್ಷ ಕೊಡದವರ ಮುಂದೆ ಗುರುತು ಹಾಕಿ ಒಮ್ಮೆ ಹೋಗಿ ಬನ್ನಿ. ಹೆಚ್ಚಿನವರು "ಯಾರೂ ಬರ್ಲೇ ಇಲ್ಲಲ್ರಿ" ಎನ್ನುತ್ತಾರೆ. ಈ ಪುಸ್ತಕ ಮತ್ತು ದಾನಿಗಳು ಫೋನ್ ಮಾಡುವ ಸಿಮ್ ಕಾರ್ಡ್, ಎರಡೂ ಸಂಸ್ಥೆಯ ಕಪಾಟಿನಲ್ಲಿ ಇರಬೇಕು. ಕಾರ್ಯದರ್ಶಿ ಬದಲಾದ ಮೊದಲ ತಿಂಗಳು ಹಳಬರು ಹೊಸಬರನ್ನು ಕರೆದುಕೊಂಡು ದೊಡ್ಡ ಮೊತ್ತ ಕೊಡುವ ಆ ಮೇಲಿನ ಹನ್ನೆರಡು ದಾನಿಗಳ ಮನೆಗೆ ಹೋಗಿ ಪರಿಚಯ ಮಾಡಿಸಿ ಬರಲಿ.